ಒಳಗೆ ಹಚ್ಚಿದ ಭಂಡಾರ

ಧಾರವಾಡ ಸೀಮೆಯ ತಾರಿಹಾಳದ ಕಾರ್ಖಾನೆಗಳ ನಡುವೆ ಯಾರನ್ನಾದರೂ ನಿಲ್ಲಿಸಿ ಕೇಳಿ ನೋಡಿ, ಬೀರಲಿಂಗೇಶ್ವರ ಇಂಜಿನಿಯರಿಂಗ್ ವರ್ಕ್ಸ್ ಅಂದರೆ "ಅದ ರೀ, ಫ್ಲ್ಯಾಂಜ್ ಮಾಡೋ ಶೆಡ್ಡು" ಎನ್ನುತ್ತಾರೆ. ಪಂಪಿಗೆ ಕೊಳವೆ ಜೋಡಿಸುವ ಫ್ಲ್ಯಾಂಜು, ವಾಲ್ವಿನ ಬಾಡಿ, ಟ್ರ್ಯಾಕ್ಟರಿನ ಬುಶ್ಶು, ಮುಗಿಯಿತು. ಅಲ್ಲಿ ಮಿಲ್ಲಿಂಗ್ ಮಶೀನಿನ ಮುಂದೆ ನಿಂತುಕೊಂಡೇ ಆಫ್ತಾಬ ಅರ್ಧ ಆಯುಷ್ಯ ಕಳೆದ. ಹುಡುಗನಾಗಿ ಬಂದವನ ಗಡ್ಡದಲ್ಲಿ ಈಗ ಬಿಳಿ ಕೂದಲು. ತಾನು ಕೊರೆದ ಲೋಹ ಎಲ್ಲಿಗೆ ಹೋಯಿತು ಎಂದು ಅವನು ಒಮ್ಮೆಯೂ ಕೇಳಿದವನಲ್ಲ. ಕೇಳಿ ಮಾಡುವುದೇನು? ಯಾರದೋ ಹೊಲದ ಬಾವಿಗೆ, ಯಾವುದೋ ಗಟಾರದ ಪಂಪಿಗೆ ಹೋಗಿರುತ್ತದೆ. ಅಂಥ ಶೆಡ್ಡಿಗೆ ಆಕಾಶಕ್ಕೆ ಹಾರುವ ಟೆಲಿಸ್ಕೋಪಿನ ಕೆಲಸ ಬಂತು ಅಂದರೆ ನಂಬಬೇಕಲ್ಲ! ಮಾಲೀಕ ಚೇಷ್ಟೆ ಮಾಡುತ್ತಿದ್ದಾನೆ ಎಂದೇ ಆಫ್ತಾಬ ಮೊದಲು ತಿಳಿದ.

ಮಾಲೀಕ ಎಂದರೆ ದುರ್ಗೇಶ. ಶೆಡ್ಡು ಕಟ್ಟಿದ ಬೀರಪ್ಪ ತೀರಿಕೊಂಡ ಮೇಲೆ ಗಲ್ಲೆಯ ಮೇಲೆ ಕೂತ ಮಗ. ಕೆಟ್ಟವನೇನಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಾನೆ, ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲದಿದ್ದರೆ ತನ್ನ ಕಾರಿನಲ್ಲೇ ದವಾಖಾನೆಗೆ ಕರೆದೊಯ್ಯುತ್ತಾನೆ. ಕಷ್ಟದ ಮಾತು ಆಡಬೇಕಾಗಿ ಬಂದಾಗ ಮಾತ್ರ "ನೋಡೂಣು" ಎನ್ನುತ್ತಾನೆ. ಆ ನೋಡೂಣು ಎಂಬುದನ್ನು ನಂಬಿ ಕೂತವರು ಕೂತೇ ಇರುತ್ತಾರೆ.

ಕೆಲಸ ತಂದವಳು ಗೀತಾಂಜಲಿ. ಧಾರವಾಡದಲ್ಲಿ ಹುಟ್ಟಿ ಬೆಳೆದು, ಈಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ತನ್ನೂರಿನ ಕೈಗಳಿಗೂ ಇಂಥ ಕೆಲಸ ಸಿಗಲಿ ಎಂದು ಮೇಲಿನವರ ಜೊತೆ ಜಗಳವಾಡಿ ತಂದಿದ್ದಳು. ದುರ್ಗೇಶನ ಆಫೀಸಿನಲ್ಲಿ ಕೂತು ಚಹಾ ಕುಡಿಯುತ್ತ ಅವಳು ಹೇಳಿದ್ದನ್ನು ಆಫ್ತಾಬ ಬಾಗಿಲಲ್ಲಿ ನಿಂತು ಕೇಳಿದ.

"ಬಾಳ ದೂರದಾಗ ದೊಡ್ಡ ನಕ್ಷತ್ರ ಒಂದು ಸಾಯತೈತ್ರಿ. ಸಾಯೋಮುಂದ ಗಾಮಾ ಕಿರಣ ಅಂತ ಒಂದ್ ನಮೂನಿ ಬೆಳಕ ಚಿಮ್ಮತೈತಿ. ಅದರಷ್ಟ ಜೋರಿಂದು ಆಕಾಶದಾಗ ಬ್ಯಾರೆ ಸಿಗೂದು ಕಷ್ಟ. ಆದ್ರ ನಮ್ಮ ಕಣ್ಣಿಗಿ ಕಾಣಂಗಿಲ್ಲ, ಮ್ಯಾಲಿನ ಗಾಳಿ ಅದನ್ನ ನೆಲದ ತನಕ ಬಿಡಂಗಿಲ್ಲ. ಅದಕ್ಕ ಟೆಲಿಸ್ಕೋಪ್ ಮ್ಯಾಲೆ ಕಳಿಸಿ ಅಲ್ಲೇ ಕಾಯಬೇಕು."

"ಯಾವ ದಿಕ್ಕಿನಿಂದ ಬರತೈತ್ರಿ ಅದು?" ದುರ್ಗೇಶ ಕೇಳಿದ.

"ಗೊತ್ತಾಗಂಗಿಲ್ಲ."

"ಯಾವಾಗ ಬರತೈತ್ರಿ?"

"ಅದೂ ಗೊತ್ತಾಗಂಗಿಲ್ಲ. ಬಂದ್ರ ಒಮ್ಮೊಮ್ಮೆ ಕಣ್ಣ ಮುಚ್ಚಿ ತಗಿಯೂದ್ರಾಗ ಹೋಗೇ ಬಿಡತೈತಿ."

"ನಮ್ಮ ಶೆಡ್ಡಿನ ಕರೆಂಟ್ ಇದ್ದಂಗ ಆತು ಬಿಡ್ರಿ ಮೇಡಂ," ಎಂದು ದುರ್ಗೇಶ ನಕ್ಕ. ಗೀತಾಂಜಲಿಯೂ ನಕ್ಕಳು.

ಟೆಲಿಸ್ಕೋಪು ಎಂದರೆ ಕೊಳವೆಯಲ್ಲ, ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ನಾಲ್ಕು ಡಬ್ಬಿ. ಪ್ರತಿ ಡಬ್ಬಿಯೊಳಗೆ ಒಂದು ಹರಳು. ಗಾಮಾ ಕಿರಣ ತಾಗಿದಾಗ ಹರಳು ಒಳಗೊಳಗೇ ಮಿನುಗುತ್ತದೆ. ಯಾವ ಡಬ್ಬಿಯಲ್ಲಿ ಹೆಚ್ಚು ಮಿನುಗಿತು, ಯಾವುದರಲ್ಲಿ ಕಡಿಮೆ ಎಂದು ನೋಡಿ ಅದು ಬಂದ ದಿಕ್ಕನ್ನು ಅಂದಾಜು ಮಾಡುತ್ತಾರೆ. "ಆ ಮಿನುಗು ಬಾಳ ಸಣ್ಣದ್ರಿ. ಡಬ್ಬಿ ಒಳಗ ಧೂಳು, ಬೆರಳಿನ ಎಣ್ಣಿ, ಏನೂ ಇರಬಾರದು. ಇದ್ರ ನಾವು ಮ್ಯಾಲೆ ಕುರುಡರನ್ನ ಕಳಿಸಿದಂಗ," ಎಂದಳು ಗೀತಾಂಜಲಿ. ಮೊದಲು ಒಂದೇ ಡಬ್ಬಿ ಮಾಡಿಕೊಡಬೇಕು. ಅದು ಪರೀಕ್ಷೆಯಲ್ಲಿ ಪಾಸಾದರೆ ಆಕಾಶಕ್ಕೆ ಹೋಗುವ ಡಬ್ಬಿಗಳೂ ಈ ಶೆಡ್ಡಿನಲ್ಲೇ ಆಗುತ್ತವೆ. ಇಲ್ಲವಾದರೆ ಬೇರೆ ಊರಿನವರು ಕಾಯುತ್ತಿದ್ದಾರೆ.

ಅವತ್ತಿನಿಂದ ಆಫ್ತಾಬನ ತಲೆಯಲ್ಲಿ ಒಂದೇ ವಿಚಾರ. ಇಷ್ಟು ವರ್ಷ ಮಾಡಿದ್ದೆಲ್ಲ ಮಣ್ಣಿಗೆ, ನೀರಿಗೆ ಹೋಯಿತು. ಇದೊಂದು ಮೇಲೆ ಹೋಗಬೇಕು. ಇದೊಂದು ಪಾಸಾಗಬೇಕು. ಶೆಡ್ಡಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿ ಒಂದು ಕೋಣೆ ಮಾಡಿಕೊಂಡ. ಕೈಗೆ ಗ್ಲೌಸು, ತಲೆಗೆ ಟೋಪಿ, ಬಾಯಿಗೆ ಮಾಸ್ಕು. ತಲೆಗೆ ಎಣ್ಣೆ ಬಿಟ್ಟ, ಜುಮ್ಮಾ ದಿನದ ಅತ್ತರು ಬಿಟ್ಟ. ಹೆಂಡತಿ ಯಾಸ್ಮಿನ ಅವನ ಒಣಗೂದಲು ನೋಡಿ, ನನ್ನನ್ನು ಮದುವೆಯಾಗುವಾಗಲೂ ನೀನು ಇಷ್ಟು ಚೊಕ್ಕಟ ಆಗಿರಲಿಲ್ಲ, ಆ ಡಬ್ಬಿಯನ್ನೇ ಇಟ್ಟುಕೋ ಎಂದು ಕಾಡಿಸಿದಳು. ಅವನು ನಾಚಿಕೊಂಡ. ನಿಜವಾಗಿ ನಾಚಿಕೊಂಡ ಮಾರಾಯರೆ, ಆ ವಯಸ್ಸಿನಲ್ಲಿ.

ಈಗ ಫಕೀರವ್ವನ ವಿಷಯ ಹೇಳಬೇಕು. ಬೀರಪ್ಪನ ಹೆಂಡತಿ, ದುರ್ಗೇಶನ ತಾಯಿ. ಮನೆದೇವರು ಮೈಲಾರಲಿಂಗ. ಆ ದೇವರ ಭಂಡಾರ, ಎಂದರೆ ಅರಿಷಿಣದ ಪುಡಿ, ಸಣ್ಣ ಚೀಲದಲ್ಲಿ ಯಾವಾಗಲೂ ಅವಳ ಸೊಂಟದಲ್ಲಿ. ಬೀರಪ್ಪನ ಕಾಲದಿಂದ ಆ ಶೆಡ್ಡಿನಲ್ಲಿ ಒಂದು ಪದ್ಧತಿ: ಯಾವುದೇ ಹೊಸ ಕೆಲಸದ ಮೊದಲ ತುಂಡು ಫಕೀರವ್ವನ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳದೆ ಗೇಟು ದಾಟುವಂತಿಲ್ಲ. ಅವಳು "ಏಳ ಕೋಟಿ, ಏಳ ಕೋಟಿಗೋ" ಎಂದು ಆ ದೇವರ ಘೋಷ ಕೂಗುತ್ತ ಹಚ್ಚುವಾಗ ತುಂಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುವವನು ಆಫ್ತಾಬ. ಅದೂ ಪದ್ಧತಿಯೇ. ಫ್ಲ್ಯಾಂಜಿಗೆ ಅರಿಷಿಣ ಹತ್ತಿದರೆ ಏನಾಗುತ್ತದೆ? ಗಟಾರಕ್ಕೆ ಹೋಗುವ ಕಬ್ಬಿಣ. ಯಾರಿಗೂ ಏನೂ ಆಗಿರಲಿಲ್ಲ.

ಅವಳಿಗೆ ಆಫ್ತಾಬನ ಮೇಲೆ ಮಗನ ಮೇಲಿನಷ್ಟೇ ಪ್ರೀತಿ. ಹುಡುಗನಾಗಿದ್ದಾಗ ಅವನಿಗೆ ರೊಟ್ಟಿ ಕಟ್ಟಿ ಕಳಿಸಿದವಳು ಅವಳು. ಬೀರಪ್ಪ ಸತ್ತಾಗ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. "ನನ್ನ ಹೆಸರಾಗ ಫಕೀರ ಅದಾನ, ನಿನ್ನ ಹೆಗಲ ಮ್ಯಾಲೆ ನನ್ನ ಗಂಡ ಹ್ವಾದ. ನಮ್ಮನ್ಯಾಗ ನೀ ಹೊರಗಿನಾವೇನು?" ಎನ್ನುತ್ತಿದ್ದಳು.

ಡಬ್ಬಿ ಮುಗಿಯುತ್ತ ಬಂದಂತೆ ಆಫ್ತಾಬನಿಗೆ ಭಂಡಾರದ ಚಿಂತೆ ಹತ್ತಿತು. ದುರ್ಗೇಶನ ಹತ್ತಿರ ಹೋಗಿ, "ಮಾಲಕ್ರ, ಈ ಸಲ ಅವ್ವಾರಿಗೆ ಒಂದ್ ಮಾತ ಹೇಳ್ರಿ. ಹೊರಗಿನ ಕಟ್ಟಿಗಿ ಪೆಟಗಿಗೆ ಎಷ್ಟ ಬೇಕಾದ್ರೂ ಹಚ್ಚಲಿ. ಡಬ್ಬಿಗೆ ಬ್ಯಾಡ," ಎಂದ.

"ಆತು, ಹೇಳ್ತೇನಿ."

"ಮರೀಬ್ಯಾಡ್ರಿ."

"ಹೇಳ್ತೇನೋ ಮಾರಾಯಾ, ನಮ್ಮವ್ವಗ ಹೇಳಾಕ ನನಗೇನು?"

ಹೇಳಲಿಲ್ಲ. ತಾಯಿಯ ಎದುರು ನಿಂತು, ನಿನ್ನ ಭಂಡಾರ ಈ ಸಲ ಬೇಡ ಎನ್ನುವ ಧೈರ್ಯ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಇವತ್ತು ನಾಳೆ ಎಂದು ತಳ್ಳುತ್ತ ಹೋದ.

ಡಬ್ಬಿ ಒಳಮೈಗೆ ಲೇಪ ಹಾಕಿಸಿಕೊಂಡು ಬಂದದ್ದು ಒಂದು ಶುಕ್ರವಾರ. ಸೋಮವಾರ ಗೀತಾಂಜಲಿ ನೋಡಲು ಬರುವವಳಿದ್ದಳು. ಆಫ್ತಾಬ ಅದನ್ನು ಪ್ಲಾಸ್ಟಿಕ್ ಕೋಣೆಯ ಮೇಜಿನ ಮೇಲಿಟ್ಟು, ಹಾಳೆ ಹೊದಿಸಿ, ಮಧ್ಯಾಹ್ನದ ನಮಾಜಿಗೆ ಹೋದ. ಬಂದು ಚೀಲಕ್ಕೆ ಹಾಕಿ ಸೀಲು ಮಾಡಿದರೆ ಮುಗಿಯಿತು. ಮಸೀದಿಯಿಂದ ಮನೆಗೆ ಹೋಗಿ ಉಂಡು ಬಂದ. ಬರುವ ಹೊತ್ತಿಗೆ ಪ್ಲಾಸ್ಟಿಕ್ ಕೋಣೆಯ ಹೊರಗೆ ಒಂದು ಜೊತೆ ಚಪ್ಪಲಿ ಇದ್ದವು. ಒಳಗೆ ಫಕೀರವ್ವ ನಿಂತಿದ್ದಳು, ಮುಖ ತುಂಬ ನಗು.

"ಬಾರೋ ಎಪ್ಪಾ. ನಿನ್ನ ದಾರಿ ಕಾಯ್ದ ಕಾಯ್ದ ಸಾಕಾತು. ನಾನ ಹಚ್ಚಿಬಿಟ್ಟೆ."

"ಎಲ್ಲಿ ಹಚ್ಚಿದ್ರಿ ಅವ್ವಾರ?"

"ಒಳಗ. ಹೊರಗ ಹಚ್ಚಿದ್ರ ಅಷ್ಟ ಎತ್ತರದಾಗ ಗಾಳಿಗಿ ಹಾರಿ ಹೋಕ್ಕೈತಿ, ಹೌದಲ್ಲೋ? ಅದಕ್ಕ ಒಳಗ, ನಾಕೂ ಮೂಲಿಗಿ, ಛಲೋತ್ನಂಗ ಹಚ್ಚೇನಿ. ಇನ್ನ ಯಾವ ಪೀಡಾನೂ ಅದರ ಸನೇಕ ಬರಂಗಿಲ್ಲ."

ಆಫ್ತಾಬ ಬಗ್ಗಿ ನೋಡಿದ. ಮೂಲೆ ಮೂಲೆಗೆ ಅರಿಷಿಣದ ಗುಪ್ಪೆ, ನಡುವೆ ಐದು ಬೆರಳಿನ ಗುರುತು. ಡಬ್ಬಿ ಕೆಟ್ಟಿತೆಂದು ಗೊತ್ತಾಯಿತು. ಆದರೆ ಮುದುಕಿಯ ಮುಖ ನೋಡಿದರೆ ಏನು ಹೇಳಬೇಕು? ಮೊಣಕಾಲು ನೋವಿನಲ್ಲಿ ಅಷ್ಟು ದೂರ ಬಂದಿದ್ದಾಳೆ, ಬೆಳಗಿನಿಂದ ಒಪ್ಪತ್ತು ಇದ್ದಾಳೆ. ಅವನು "ಛಲೋ ಆತ್ರಿ ಅವ್ವಾರ," ಎಂದ. ಅವಳು ಚೀಲದಲ್ಲಿ ಉಳಿದದ್ದನ್ನು ಅವನ ಅಂಗೈಗೆ ಹಾಕಿ, ಚಪ್ಪಲಿ ಮೆಟ್ಟಿ, ಕುಂಟುತ್ತ ಕಾರಿನ ಕಡೆ ಹೋದಳು.

ಅವಳು ಗೇಟು ದಾಟಿದ್ದೇ ತಡ, ಆಫ್ತಾಬ ಸ್ಪಿರಿಟ್ಟಿನ ಬಾಟಲಿಗೆ ಕೈ ಹಾಕಿದ. ಯಾವ ಕಲೆ ಇದ್ದರೂ ಸ್ಪಿರಿಟ್ಟು, ಅದು ಶೆಡ್ಡಿನ ಅಭ್ಯಾಸ. ಹೊಸ ಬಟ್ಟೆ ಅದ್ದಿ ಒರೆಸಿದ, ಮತ್ತೆ ಬೇರೆ ಬಟ್ಟೆ, ಮತ್ತೆ ಬೇರೆ. ಹಳದಿ ಇಳಿಯಿತು, ಮಾಸಿತು, ಕಡೆಗೆ ಕಣ್ಣಿಗೆ ಕಾಣದಂತಾಯಿತು. ಟಾರ್ಚು ಹಿಡಿದು ನೋಡಿದ. ಏನೂ ಇಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಗೀತಾಂಜಲಿಗೆ ಹೇಳಿಬಿಡುವುದೇ ಸರಿ ಎಂದು ಫೋನು ಹಿಡಿದು ಶೆಡ್ಡಿನ ಹೊರಗೆ ಬಂದ.

ದುರ್ಗೇಶ ಅವನ ಹಿಂದೆಯೇ ಬಂದ. "ಯಾರಿಗಿ ಫೋನು?"

ಆಫ್ತಾಬ ಆದದ್ದನ್ನೆಲ್ಲ ಹೇಳಿದ. ದುರ್ಗೇಶನ ಮುಖ ಬಿಳಿಚಿತು. ತಾನು ಹೇಳಬೇಕಾದ ಮಾತು ಹೇಳದೆ ಇದ್ದದ್ದರ ಫಲ ಇದು ಎಂದು ಗೊತ್ತಿತ್ತಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ಈಗ ಕಾಣತೈತೇನು?"

"ಕಾಣಂಗಿಲ್ರಿ. ಆದ್ರ..."

"ಕಾಣಂಗಿಲ್ಲ ಅಂದ್ರ ಮುಗೀತು. ಸೀಲ್ ಮಾಡ್ರಿ."

"ಹೇಳಿದ್ರ ಅವರು ತಮ್ಮ ಕಡೆ ತೊಳೀತಾರೇನೋ ಮಾಲಕ್ರ. ಹೇಳೂದ ಛಲೋ."

ದುರ್ಗೇಶ ಅವನ ಹತ್ತಿರ ಸರಿದು ದನಿ ತಗ್ಗಿಸಿದ. "ಏನಂತ ಹೇಳ್ತೀರಿ ಆಫ್ತಾಬಭಾಯ್? ಮೈಲಾರಲಿಂಗನ ಭಂಡಾರದಿಂದ ಕೆಲಸ ಕೆಟ್ಟಿತು ಅಂತ? ನೀವು? ಈ ದಿನಮಾನದಾಗ? ಒಳಗ ಹತ್ತ ಮಂದಿ ಅದಾರ, ಹತ್ತ ಫೋನ್ ಅದಾವ. ಸಂಜಿ ಅನ್ನೂದ್ರಾಗ ಗೇಟಿನ ಮುಂದ ಮಂದಿ ಬಂದು ನಿಂತಿರತಾರ. ನಾ ಹೇಳಿದ್ರ ಬ್ಯಾರೆ, ನೀವು ಹೇಳಿದ್ರ ಬ್ಯಾರೆ."

"ಹಂಗಾರ ನೀವ ಹೇಳ್ರಿ."

"ನೋಡೂಣು."

ಆಫ್ತಾಬ ಫೋನನ್ನು ಕಿಸೆಗೆ ಹಾಕಿದ. ದುರ್ಗೇಶ ಹೆದರಿಸಲು ಹೇಳಿದ್ದೋ, ಕಾಳಜಿಯಿಂದ ಹೇಳಿದ್ದೋ, ಯಾರು ಬಲ್ಲರು. ಆದರೆ ಮಾತು ಸುಳ್ಳಾಗಿರಲಿಲ್ಲ, ಅದೇ ಸಂಕಟ. ಮನೆಗೆ ಹೋಗಿ ಯಾಸ್ಮಿನಳ ಮುಂದೆ ಹೇಳಿದರೆ ಅವಳೂ ಅದನ್ನೇ ಹೇಳಿದಳು. ತಮ್ಮ ಓಣಿಯ ಹುಡುಗನೊಬ್ಬ ಮೊಬೈಲಿನಲ್ಲಿ ಏನೋ ಹಾಕಿ, ಅವನಪ್ಪ ತಿಂಗಳುಗಟ್ಟಲೆ ಅಂಗಡಿ ತೆರೆಯಲಾಗದೆ ಕೂತದ್ದನ್ನು ನೆನಪು ಮಾಡಿದಳು. ಬಾಯಿ ಮುಚ್ಚಿಕೊಂಡು ಇರು, ಡಬ್ಬಿ ಹೋದರೆ ಹೋಗಲಿ ಎಂದಳು. ಮರುದಿನ ಅವನು ಡಬ್ಬಿಯನ್ನು ಚೀಲಕ್ಕೆ ಹಾಕಿ ಸೀಲು ಮಾಡಿದ.

ಸೋಮವಾರ ಗೀತಾಂಜಲಿ ಬಂದಳು. ಅಳತೆ ನೋಡಿದಳು, ಅಂಚು ನೋಡಿದಳು, ಸ್ಕ್ರೂ ತೂತುಗಳನ್ನು ನೋಡಿದಳು. ನೋಡಿದಂತೆಲ್ಲ ಅವಳ ಮುಖ ಅರಳಿತು. "ಏನ್ ಕೆಲಸ ಮಾಡೀರಿ ಆಫ್ತಾಬಣ್ಣಾರ! ಬೆಂಗಳೂರಾಗೂ ಹಿಂಗ ಬರಂಗಿಲ್ಲ," ಎಂದಳು. ಅಯ್ಯೋ, ಆ ಮಾತು ಕೇಳಲು ಅವನು ಎಷ್ಟು ದಿನ ಕಾದಿದ್ದ! ಬಂದಾಗ ಅದು ಬೆಂಕಿಯ ಹಾಗೆ ಸುಟ್ಟಿತು.

ಆಮೇಲೆ ಅವಳು ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿಸಿದಳು. ಬ್ಯಾಗಿನಿಂದ ಒಂದು ಸಣ್ಣ ದೀಪ ತೆಗೆದಳು. "ಇದು ಕಡೀ ಪರೀಕ್ಷಾ. ನೇರಳೆ ದೀಪ. ನಮ್ಮ ಕಣ್ಣಿಗಿ ಕಾಣದ ಎಣ್ಣಿ, ಧೂಳು ಇದರಾಗ ಹೊಳೀತಾವ," ಎಂದು ಡಬ್ಬಿಯೊಳಗೆ ಬೆಳಕು ಬಿಟ್ಟಳು.

ಡಬ್ಬಿ ಒಳಗಿನಿಂದ ಹೊಳೆಯಿತು. ಮೂಲೆಗಳು, ಸ್ಕ್ರೂ ತೂತುಗಳು, ಅಡಿಯ ಮೈಯೆಲ್ಲ ಹಸಿರು ಬೆರೆತ ಹಳದಿ. ಆಫ್ತಾಬನ ಕೈ ಆಡಿ ಬಂದ ಒಂದೊಂದು ಗೆರೆಯೂ, ನೆಲ ಸಾರಿಸಿದ ಗುರುತಿನಂತೆ, ಎದ್ದು ಕಾಣಿಸಿತು. ಗೀತಾಂಜಲಿ ಹತ್ತಿಯ ಕಡ್ಡಿಯಿಂದ ಮೂಲೆಯಲ್ಲಿ ಉಜ್ಜಿ, ದೀಪ ಹತ್ತಿಸಿ ನೋಡಿ, ಮೂಸಿದಳು.

"ಅರಿಷಿಣ," ಎಂದಳು. "ಯಾರೋ ಸ್ಪಿರಿಟ್ ಹಚ್ಚಿ ಒರಸ್ಯಾರ. ಅರಿಷಿಣ ನೀರಾಗ ಕರಗಂಗಿಲ್ಲ, ಸ್ಪಿರಿಟ್‌ನಾಗ ಕರಗತೈತ್ರಿ. ಕರಗಿ ಲೇಪದ ಮೈಯಾಗ ಇಳದು ಕುಂತೈತಿ. ಒಣ ಬ್ರಶ್‌ಲೆ ಝಾಡಿಸಿ ನನಗ ಒಂದು ಫೋನ್ ಮಾಡಿದ್ರ ಸಾಕಿತ್ತಲ್ರಿ. ಹೆಂಗರ ಮಾಡಿ ತಗೀತಿದ್ವಿ. ಯಾರು ಮಾಡಿದ್ದಿದು?"

ಒಂದು ಫೋನು. ಆಫ್ತಾಬ ದುರ್ಗೇಶನ ಕಡೆ ನೋಡಿದ. ಈಗಲಾದರೂ ಹೇಳುತ್ತಾನೆ ಎಂದುಕೊಂಡ. ಹೇಳಿದರೆ ಏನಾಗುತ್ತಿತ್ತು? ನಮ್ಮವ್ವ ದೇವರ ಪ್ರಸಾದ ಅಂತ ಹಚ್ಚಿದಳು ಮೇಡಂ, ವಯಸ್ಸಾದ ಜೀವ, ತಿಳಿಯಲಿಲ್ಲ, ಅಷ್ಟೇ. ಧಾರವಾಡದ ಹುಡುಗಿಗೆ ಅರ್ಥವಾಗದ ಮಾತೇ ಅದು?

ದುರ್ಗೇಶ ಗಂಟಲು ಸರಿ ಮಾಡಿಕೊಂಡ. "ಏನಾಗೇತಿ ಅಂದ್ರ ಮೇಡಂ, ಶುಕ್ರವಾರ ಆಫ್ತಾಬಭಾಯ್ ನಮಾಜಿಗೆ ಹೋಗಿದ್ರು. ಊಟ ಮಾಡ್ಕೊಂಡು ಬಂದು ಲಗೂ ಲಗೂ ಕೆಲಸಕ್ಕ ನಿಂತ್ರು. ಕೈ ಸರಿ ತೊಳಕೊಂಡಿಲ್ಲ ಅಂತ ಕಾಣತೈತಿ."

ಸುಳ್ಳು ಕಟ್ಟಿದರೆ ಹೀಗೆ ಕಟ್ಟಬೇಕು ನೋಡಿ. ಶುಕ್ರವಾರ ಖರೆ, ನಮಾಜು ಖರೆ, ಊಟ ಖರೆ. ಊಟದಲ್ಲಿ ಅರಿಷಿಣ ಇದ್ದದ್ದೂ ಖರೆಯೇ ಇರಬೇಕು. ನಮಾಜಿಗೆ ಮೊಣಕೈ ತನಕ ತೊಳೆದುಕೊಂಡು ನಿಲ್ಲುವವನು ಉಂಡ ಕೈ ತೊಳೆಯದೆ ಬರುವವನಲ್ಲ ಎಂದು ದುರ್ಗೇಶನಿಗೆ ಗೊತ್ತಿರಲಿಲ್ಲವೇ? ಚಡ್ಡಿ ಹಾಕಿಕೊಂಡು ಓಡಾಡುವ ವಯಸ್ಸಿನಲ್ಲಿ ಶೆಡ್ಡಿನ ಹಿಂದೆ ಆಫ್ತಾಬನ ಕೈಗೆ ಚೊಂಬಿನಿಂದ ನೀರು ಹಾಕಿದವನೇ ಅವನು. ಆದರೂ ನಾಲಿಗೆ ತಡವರಿಸಲಿಲ್ಲ. ಗೊತ್ತಿಲ್ಲದವರಿಗೆ ಅನುಮಾನ ಬರುವಂತಿರಲಿಲ್ಲ. ಭಂಡಾರ ಹಚ್ಚಿದ್ದನ್ನು ಕಂಡಿದ್ದ ಕೆಲಸಗಾರರೂ ನೆಲ ನೋಡುತ್ತ ನಿಂತರು.

"ಹೌದೇನ್ರಿ?" ಎಂದು ಗೀತಾಂಜಲಿ ಅವನನ್ನೇ ಕೇಳಿದಳು.

ಅವನಿಗೆ ಫಕೀರವ್ವನ ನಗು ನೆನಪಾಯಿತು. ಗೇಟಿನ ಮುಂದೆ ಬಂದು ನಿಲ್ಲಬಹುದಾದ ಮಂದಿ ನೆನಪಾದರು. ಯಾಸ್ಮಿನ ನೆನಪಾದಳು. ಅವನು ಕೆಲಸಗಾರರ ಕಡೆ ನೋಡದೆ, "ಹೌದ್ರಿ ಮೇಡಂ. ನನ್ನ ಕೈಯಿಂದ ಆತು. ಒರಸಿದಾವನೂ ನಾನ," ಎಂದ. ಕಡೆಯ ಮಾತೊಂದು ನಿಜವಿತ್ತು.

ಗೀತಾಂಜಲಿ ದೀಪ ಆರಿಸಿದಳು. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ನೋವಾಗಿತ್ತು. "ಡಬ್ಬಿ ಕೆಟ್ಟಿದ್ದಕ್ಕ ನನಗ ಬ್ಯಾಸರಿಲ್ರಿ. ಲೇಪ ತಗದು ಮತ್ತ ಹಾಕಬಹುದು. ಆದ್ರ ನೀವು ಮುಚ್ಚಿಟ್ರಿ. ಮ್ಯಾಲೆ ಹೋದದ್ದನ್ನ ಬಿಚ್ಚಿ ನೋಡಾಕ ಬರಂಗಿಲ್ಲ. ಮಾಡಿದಾವರ ಮಾತ ನಂಬೇ ಕಳಸೂದು. ನಾ ನಿಮ್ಮನ್ನ ನಂಬ್ರಿ ಅಂತ ಅಲ್ಲಿ ಎಷ್ಟ ಮಂದಿ ಕೂಡ ಜಗಳಾಡೇನಿ ಗೊತ್ತೇನು? ಈಗ ಏನಂತ ಹೇಳ್ಲಿ?"

ಅವಳು ದೀಪವನ್ನು ಬ್ಯಾಗಿಗೆ ಹಾಕಿಕೊಂಡು, ಚಹಾ ಬೇಡವೆಂದು, ಹೋದಳು. ಡಬ್ಬಿಗಳ ಕೆಲಸ ಬೇರೆ ಊರಿಗೆ ಹೋಯಿತು.

ಅವಳ ಕಾರು ಹೋದ ಮೇಲೆ ದುರ್ಗೇಶ ಆಫ್ತಾಬನ ಹೆಗಲ ಮೇಲೆ ಕೈ ಇಟ್ಟ. "ನಿಮ್ಮ ಉಪಕಾರ ಮರಿಯಂಗಿಲ್ಲ. ಅವ್ವನ ಮಾನ ಉಳಿಸಿದ್ರಿ. ಆಕಿಗಿ ಗೊತ್ತಾಗಿದ್ರ ಎದಿ ಒಡಕೊಂಡ ಸಾಯತಿದ್ಲು," ಎಂದ. ಕಣ್ಣಲ್ಲಿ ನೀರೂ ಬಂತು ಅವನಿಗೆ. ಮರುದಿನದಿಂದ ಆಫ್ತಾಬ ಮತ್ತೆ ಫ್ಲ್ಯಾಂಜಿಗೆ ನಿಂತ. ಪ್ಲಾಸ್ಟಿಕ್ ಹಾಳೆ ಬಿಚ್ಚಿ ಮಡಚಿಟ್ಟರು. ತಲೆಗೆ ಎಣ್ಣೆ ಹಚ್ಚಿಕೊಂಡು ಕೆಲಸಕ್ಕೆ ಹೊರಟ ಗಂಡನನ್ನು ನೋಡಿ ಯಾಸ್ಮಿನ ಏನೂ ಕಾಡಿಸಲಿಲ್ಲ.

ಸಿಟ್ಟು ಬರಲಿಲ್ಲವೇ ಅವನಿಗೆ? ಬಂತು. ಫ್ಲ್ಯಾಂಜು ಕೊರೆಯುವಾಗ ಹಲ್ಲು ಕಡಿಯುತ್ತಿದ್ದ. ಶೆಡ್ಡಿನಲ್ಲಿ ಊಟದ ಹೊತ್ತಿಗೆ ಯಾರಾದರೂ "ಭಾಯ್, ಕೈ ತೊಳಕೊಂಡ್ರೇನು?" ಎಂದು ನಕ್ಕರೆ ಅವನೂ ನಗುತ್ತಿದ್ದ, ಒಳಗೆ ಹೊತ್ತಿ ಉರಿಯುತ್ತಿತ್ತು. ಆದರೆ ಒಂದು ಸಮಾಧಾನ ಇತ್ತು. ಆ ತಾಯಿಗೆ ಗೊತ್ತಿಲ್ಲ. ತನ್ನ ಕೈಯಿಂದಲೇ ಕೆಟ್ಟಿತೆಂಬುದು ಅವಳಿಗೆ ಗೊತ್ತಾಗಲಿಲ್ಲ. ರೊಟ್ಟಿ ಕಟ್ಟಿ ಕಳಿಸಿದ ಕೈ ಅದು, ಅದಕ್ಕೆ ಇಷ್ಟಾದರೂ ಮಾಡಿದೆ ಎಂದು ಆ ಒಂದು ಮಾತನ್ನು ಎದೆಗೆ ಹಚ್ಚಿಕೊಂಡು ಅವನು ಬದುಕಿದ. ಫಕೀರವ್ವ ಮೊಣಕಾಲಿನ ಔಷಧಕ್ಕೆಂದು ಮುಗದ ಎಂಬ ಊರಿನ ಮಗಳ ಮನೆಗೆ ಹೋದವಳು ಶೆಡ್ಡಿನ ಕಡೆ ಬಂದಿರಲೇ ಇಲ್ಲ.

ಟೆಲಿಸ್ಕೋಪು ಮೇಲೆ ಹೋಯಿತು. ಆಫ್ತಾಬ ಅದನ್ನು ಮೊಬೈಲಿನಲ್ಲಿ ನೋಡಿದ. ರಾಕೆಟ್ಟು ಹೊಗೆ ಬಿಟ್ಟುಕೊಂಡು ಏರುವುದನ್ನು ನೋಡಿ ಫೋನು ಕಿಸೆಗಿಟ್ಟು ಕೆಲಸಕ್ಕೆ ಹೋದ. ಅದಾಗಿ ಕೆಲವು ವಾರದ ಮೇಲೆ ಒಂದು ಮಧ್ಯಾಹ್ನ ಗೀತಾಂಜಲಿಯಿಂದ ಒಂದು ಚಿತ್ರ ಬಂತು. ಸಪಾಟಾದ ಗೆರೆ, ನಡುವೆ ಒಮ್ಮೆಲೇ ಎದ್ದು ನಿಂತ ಕೋಡು, ಮತ್ತೆ ಸಪಾಟು. ಕೆಳಗೆ ಬರೆದಿದ್ದಳು: "ಮೊದಲನೇ ಸ್ಫೋಟ ಸಿಕ್ತು. ನಾಲ್ಕೂ ಡಬ್ಬಿ ಹಿಡಿದವು. ಯಾಕೋ ನಿಮಗೂ ತೋರಿಸಬೇಕೆನಿಸಿತು."

ಅವನ ಹೊಟ್ಟೆ ಉರಿಯಿತು. ಕಣ್ಣು ತುಂಬಿತು. ಆದರೂ, ನೋಡಿ, ಸಂತೋಷವೂ ಆಯಿತು. ಎಲ್ಲೋ ಸತ್ತ ನಕ್ಷತ್ರದ ಬೆಳಕು ಇಷ್ಟು ವರ್ಷ ನಡೆದು ಬಂದು ಸಿಕ್ಕಿಬಿದ್ದದ್ದು ಸಣ್ಣ ಮಾತೇ? ಯಾರಿಗಾದರೂ ತೋರಿಸಬೇಕು ಅನಿಸಿತು. ಯಾರಿಗೆ ತೋರಿಸುವುದು?

ದೈವದ ಆಟವೋ ಏನೋ, ಅವತ್ತೇ ಫಕೀರವ್ವ ಬಂದಿದ್ದಳು. ಹೊಸ ಲೇಥಿನ ಮೊದಲ ತುಂಡಿಗೆ ಭಂಡಾರ ಹಚ್ಚಬೇಕಿತ್ತು. ಕೋಲೂರಿಕೊಂಡು ಶೆಡ್ಡಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಸೊರಗಿದ್ದಳು. ಆಫ್ತಾಬ ಫೋನು ಹಿಡಿದು ಹುಡುಗನ ಹಾಗೆ ಅವಳ ಹತ್ತಿರ ಓಡಿದ.

"ಅವ್ವಾರ! ಹೆಂಗದೀರಿ? ಇಲ್ಲಿ ನೋಡ್ರಿ, ಆಕಾಶದಾಗ..."

ಅವಳು ಸೆರಗನ್ನು ತನ್ನ ಕಡೆ ಎಳೆದುಕೊಂಡಳು. "ಮೊದಲ ಕೈ ತೊಳಕೊಂಡ ಬಾ."

ಅವನು ಅಂಗೈ ನೋಡಿಕೊಂಡ. "ಎಣ್ಣಿ ಹತ್ತಿಲ್ರಿ ಅವ್ವಾರ."

"ಎಣ್ಣಿ ಮಾತಲ್ಲೋ. ದುರ್ಗ್ಯಾ ಎಲ್ಲಾ ಹೇಳ್ಯಾನ ನನಗ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದುಃಖ. "ನಾ ಭಂಡಾರ ಹಚ್ಚಿದ ಡಬ್ಬಿಗಿ ಎಂಜಲಗೈ ಹಚ್ಚಿದೆಲ್ಲೋ ಎಪ್ಪಾ. ದೇವರು ಹೆಂಗ ಉಳೀತಾನ ಅದರಾಗ? ನನ್ನ ಮಗನ ಕೆಲಸ ಹೋತು, ಮಂದಿಯಾಗ ಹೆಸರ ಹೋತು. ನಾ ಮೈಲಾರಕ್ಕ ಹೋಗಿ ತಪ್ಪಾತಪ್ಪಾ ಅಂತ ಮೂಗ ಉಜ್ಜಿ ಬಂದೇನಿ, ನಿನ್ನ ಸಲುವಾಗಿ. ನಿನಗೇನೂ ಆಗಬಾರದಂತ."

ಆಫೀಸಿನ ಗಾಜಿನ ಆಚೆ ದುರ್ಗೇಶ ಕೂತಿದ್ದ. ಎಲ್ಲ ಕೇಳಿಸುವಷ್ಟು ಹತ್ತಿರ. ಅವನು ಫೋನನ್ನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದ.

ಹೇಳಬೇಕಾದ ಮಾತು ಒಂದೇ ಒಂದು ಇತ್ತು. ಅದು ಆಫ್ತಾಬನ ನಾಲಿಗೆಯ ತುದಿಗೆ ಬಂದು ನಿಂತಿತು. ಅವ್ವಾ, ಕೆಟ್ಟದ್ದು ನನ್ನ ಕೈಯಿಂದಲ್ಲ. ಅವಳು ಕೋಲನ್ನು ನೋಯುವ ಮೊಣಕಾಲಿಗೆ ಒರಗಿಸಿಕೊಂಡಳು. ಆ ಕಾಲಿನಲ್ಲಿ ಅವನಿಗಾಗಿ ಮೈಲಾರದ ತನಕ ಹೋಗಿ ಬಂದಿದ್ದಳು. ಆಫ್ತಾಬ ಮಾತನ್ನು ನುಂಗಿದ. ಶೆಡ್ಡಿನ ಹಿಂದೆ ಹೋಗಿ ನಲ್ಲಿ ತಿರುವಿ, ಸಾಬೂನು ಹಚ್ಚಿ, ಮೊಣಕೈ ತನಕ ತೊಳೆದುಕೊಂಡು ಬಂದ. ಬಂದು ಎರಡೂ ಕೈ ಮುಂದೆ ಚಾಚಿ ತೋರಿಸಿದ. ಅವಳು ಅಂಗೈ ನೋಡಿದಳು, ತಿರುವಿಸಿ ಮೇಲುಗೈ ನೋಡಿದಳು.

"ಹಾಂ. ಈಗ ತೋರ್ಸು."

ಅವನು ಚಿತ್ರ ತೋರಿಸಿದ. ಅದು ಏನು, ಎಷ್ಟು ದೂರದಿಂದ ಬಂತು, ಡಬ್ಬಿಗಳು ಹೇಗೆ ಹಿಡಿದವು ಎಂದು ತನಗೆ ತಿಳಿದಷ್ಟು ಹೇಳಿದ. ಅವಳು ಕಣ್ಣು ಕಿರಿದು ಮಾಡಿ, ತಲೆಯಾಡಿಸುತ್ತ, ಆಸ್ಥೆಯಿಂದ ಕೇಳಿದಳು.

"ಈ ಡಬ್ಬಿ ಯಾರು ಮಾಡಿದ್ರು?"

"ಬ್ಯಾರೆ ಊರಾವ್ರು ರೀ, ಅವ್ವಾರ."

"ಅವರ ಕೈ ಸ್ವಚ್ಛ ಇದ್ದಿರಬೇಕು ನೋಡು," ಎಂದಳು ಫಕೀರವ್ವ.

"ಹೌದ್ರಿ," ಎಂದ ಆಫ್ತಾಬ.